ನೀರು ಎಷ್ಟಿದೆ ನೋಡು

2012ರ ಜುಲೈ 30, ಸೋಮವಾರದ ನಸುಕು. ಉತ್ತರ ಭಾರತದ ವಿದ್ಯುತ್ ಜಾಲ ಪೂರ್ತಿ ಕುಸಿದು ಇನ್ನೂ ಅರ್ಧ ಗಂಟೆ ಕಳೆದಿರಲಿಲ್ಲ. ದಿಲ್ಲಿಯ ಭೋಗಲ್‌ನ ಇಕ್ಕಟ್ಟಾದ ಗಲ್ಲಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಮೆಟ್ಟಿಲು ಹತ್ತಿ ತಾರಸಿಗೆ ಬಂದರು. ಕೈಯಲ್ಲಿ ಟಾರ್ಚ್ ಇರಲಿಲ್ಲ. ನೇರವಾಗಿ ನೀರಿನ ಟ್ಯಾಂಕಿಯ ಬಳಿ ಹೋಗಿ, ಬೆರಳ ಗೆಣ್ಣಿನಿಂದ ಅದನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬಂದರು. ಟೊಳ್ಳಾಗಿದ್ದ ಸದ್ದು ಒಂದು ಮಟ್ಟಕ್ಕೆ ಬಂದಾಗ ಗಟ್ಟಿಯಾಯಿತು. ಅಲ್ಲಿ ಅಂಗೈ ಒತ್ತಿ ಹಿಡಿದು, "ಅರ್ಧಕ್ಕಿಂತ ನಾಲ್ಕು ಬೆರಳು ಕಡಿಮೆ. ಯಾರೂ ಬಟ್ಟೆ ಒಗೆಯದಿದ್ದರೆ ಮೂರು ಮನೆಗೆ ನಾಳೆ ಸಂಜೆಯವರೆಗೆ ಬರುತ್ತದೆ" ಎಂದರು. ಆಮೇಲೆಯೇ ಅವರು ತಲೆ ಎತ್ತಿ ಊರನ್ನು ನೋಡಿದ್ದು.

ಊರು ಕಾಣುತ್ತಿರಲಿಲ್ಲ. ದಿನನಿತ್ಯದ ವಿದ್ಯುತ್ ಕಡಿತದಲ್ಲಿ ಒಂದು ಗಲ್ಲಿ ಕತ್ತಲಾದರೆ ಪಕ್ಕದ್ದು ಬೆಳಗುತ್ತಿರುತ್ತದೆ. ತಾರಸಿಯ ಅಂಚಿಗೆ ಹೋಗಿ, ಎಲ್ಲಿಯವರೆಗೆ ಹೋಗಿದೆ ಎಂದು ನೋಡಿ, ಅದರ ಮೇಲೆ ಎಷ್ಟು ಹೊತ್ತಾಗಬಹುದೆಂದು ಅಂದಾಜು ಮಾಡುವುದು ದಿಲ್ಲಿಯ ಬಡಾವಣೆಗಳಲ್ಲಿ ಎಲ್ಲರಿಗೂ ಬರುವ ವಿದ್ಯೆ. ಅಂದು ಅಂಚೇ ಇರಲಿಲ್ಲ. ನಿಜಾಮುದ್ದೀನ್ ಕಡೆಗೂ ಕಪ್ಪು, ಯಮುನೆಯ ಕಡೆಗೂ ಕಪ್ಪು. ಮಥುರಾ ರಸ್ತೆಯ ಮೇಲೆ ಲಾರಿಗಳ ದೀಪಗಳು ಮಾತ್ರ ಸಾಲಾಗಿ ಹರಿಯುತ್ತಿದ್ದವು. ಎಲ್ಲೋ ಒಂದೆರಡು ಕಿಟಕಿಗಳ ಹಿಂದೆ ಇನ್ವರ್ಟರ್‌ನ ಬಿಳಿ ಬೆಳಕು. ನೂಲ ಹುಣ್ಣಿಮೆಗೆ ಮೂರು ದಿನವಿದ್ದರೂ ಅಷ್ಟು ಹೊತ್ತಿಗೆ ಚಂದ್ರ ಪಶ್ಚಿಮದ ಮಬ್ಬಿಗೆ ಇಳಿದಿದ್ದ. ಮಳೆ ಬಾರದ ಜುಲೈ ಅದು. ಗಾಳಿ ಒದ್ದೆ ಕಂಬಳಿಯಂತೆ ಮೈಗೆ ಅಂಟಿಕೊಂಡಿತ್ತು. ನಾನು ಮಲೆನಾಡಿನವನು, ಕತ್ತಲು ನನಗೆ ಹೊಸದಲ್ಲ. ಆದರೆ ಒಂದು ಮಹಾನಗರವೇ ಹೀಗೆ ಸದ್ದಿಲ್ಲದೆ ಅಳಿಸಿಹೋಗಿರುವುದನ್ನು ಕಂಡು ಎದೆ ಹೊಡೆದುಕೊಳ್ಳುತ್ತಿತ್ತು. ಬೀಜಿ (ಇಡೀ ಗಲ್ಲಿ ಅವರನ್ನು ಹಾಗೆಯೇ ಕರೆಯುತ್ತಿತ್ತು) ಆ ಕಪ್ಪನ್ನು ಒಂದು ಸುತ್ತು ನೋಡಿ, "ಇದು ದೊಡ್ಡದು. ಬೆಳಗಾದರೂ ಬರುವುದಿಲ್ಲ" ಎಂದು ಹೇಳಿ, ಮೊದಲ ಮಹಡಿಯವರನ್ನು ಎಬ್ಬಿಸಲು ಇಳಿದುಹೋದರು.

ಹದಿಮೂರು ವರ್ಷಗಳ ನಂತರ ಅದನ್ನೆಲ್ಲ ಮತ್ತೆ ನೆನಪಿಸಿದ್ದು ಅಕ್ಕನ ಮಗಳ ಫೋನು. ಅವಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಳೆ. 2025ರ ಏಪ್ರಿಲ್ 28ರಂದು ಮಧ್ಯಾಹ್ನ 12 ಗಂಟೆ 33 ನಿಮಿಷಕ್ಕೆ ಸ್ಪೇನ್ ಮತ್ತು ಪೋರ್ಚುಗಲ್ ಎರಡೂ ದೇಶಗಳ ಮುಖ್ಯಭೂಮಿ ಕತ್ತಲಾಯಿತಲ್ಲ, ಮರುದಿನ ಅವಳು ಕರೆ ಮಾಡಿ ಒಂದು ಗಂಟೆ ಮಾತನಾಡಿದಳು. ಅಂಗಡಿಗಳಲ್ಲಿ ಬ್ಯಾಟರಿ ರೇಡಿಯೊಗಳು ಖಾಲಿಯಾದವಂತೆ. ನಿಲ್ಲಿಸಿದ ಕಾರೊಂದರ ಬಾಗಿಲುಗಳನ್ನು ತೆರೆದಿಟ್ಟು, ಗುರುತಿಲ್ಲದ ಹತ್ತಾರು ಮಂದಿ ಅದರ ರೇಡಿಯೊ ಸುತ್ತ ನಿಂತು ಸುದ್ದಿ ಕೇಳಿದರಂತೆ. ಮನೆಗೆ ಎರಡು ತಾಸು ನಡೆದುಕೊಂಡು ಹೋದೆ, ದಾರಿಯುದ್ದಕ್ಕೂ ಯಾರೂ ಗಾಬರಿಯಾಗಿರಲಿಲ್ಲ, ರಾತ್ರಿ ದೀಪ ಬಂದಾಗ ಇಡೀ ಬೀದಿ ಚಪ್ಪಾಳೆ ತಟ್ಟಿತು ಎಂದಳು. ಕೊನೆಗೆ, "ಜನ ಅದು ಹೇಗೆ ಅಷ್ಟು ಸಮಾಧಾನವಾಗಿರುತ್ತಾರೆ ಮಾಮ?" ಎಂದು ಕೇಳಿದಳು. ಆಗ ಏನೋ ಒಂದು ಉತ್ತರ ಹೇಳಿದೆ, ಸಾಲಲಿಲ್ಲ. ಈ ಬರಹ ಅವಳಿಗಾಗಿ.

ಸಮಾಧಾನವೆಂದರೆ ಸ್ವಭಾವ ಎಂದು ನಾವು ಅಂದುಕೊಳ್ಳುತ್ತೇವೆ. ಕೆಲವರಿಗೆ ಹುಟ್ಟಿನಿಂದ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಬೀಜಿಯ ಜೊತೆ ಆ ಎರಡು ದಿನ ಕಳೆದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಅವರು ಮಾಡುತ್ತಿದ್ದುದು ಲೆಕ್ಕ. ನೀರು ಎಷ್ಟಿದೆ, ಬೆಂಕಿಪೆಟ್ಟಿಗೆ ಎಲ್ಲಿದೆ, ಯಾರ ಮನೆಯಲ್ಲಿ ಕೂಸಿದೆ, ಯಾರಿಗೆ ಔಷಧ ಬೇಕು, ಯಾರ ಮಗ ರಾತ್ರಿ ಪಾಳಿಗೆ ಹೋಗಿದ್ದಾನೆ. ಈ ಲೆಕ್ಕ ಕೈಯಲ್ಲಿದ್ದವರಿಗೆ ಕತ್ತಲು ಒಂದು ಕೆಲಸವಾಗಿ ಕಾಣುತ್ತದೆ. ಲೆಕ್ಕವಿಲ್ಲದ ನನಗೆ ಅದು ದಿಗಿಲಾಗಿ ಕಂಡಿತ್ತು.

ಬೀಜಿ ದೇಶವಿಭಜನೆಯ ಕಾಲದಲ್ಲಿ ಹತ್ತು ವರ್ಷದ ಹುಡುಗಿಯಾಗಿ ದಿಲ್ಲಿಗೆ ಬಂದವರು. ಕಿಂಗ್ಸ್‌ವೇ ನಿರಾಶ್ರಿತರ ಶಿಬಿರದ ಡೇರೆಯಲ್ಲಿ ತಿಂಗಳುಗಟ್ಟಲೆ ಇದ್ದವರು. ಅಲ್ಲಿನ ಕಷ್ಟಗಳ ಬಗ್ಗೆ ಅವರು ಹೆಚ್ಚೇನೂ ಹೇಳಿದ್ದಿಲ್ಲ. ನೀರಿನ ಸರದಿಯ ಬಗ್ಗೆ ಮಾತ್ರ ಹೇಳುತ್ತಿದ್ದರು. ತಾಯಿ ಇವರನ್ನು ನಲ್ಲಿಯ ಮುಂದೆ ಬಕೆಟ್ಟಿನ ಜೊತೆ ನಿಲ್ಲಿಸಿ, ಮುಂದಿನವರು ಎಷ್ಟು ಮಂದಿ ಎಂದು ಎಣಿಸಲು ಹೇಳಿಕೊಡುತ್ತಿದ್ದರಂತೆ. ಎಣಿಕೆ ಗೊತ್ತಿದ್ದರೆ ಅಳು ಬರುವುದಿಲ್ಲ ಎಂದು ಆ ತಾಯಿ ಹೇಳಿದ್ದರಂತೆ.

ನಮ್ಮ ಮನೆಯ ನೆಲಮಹಡಿಯಲ್ಲಿ ಜರಿ ಕಸೂತಿಯ ಕೆಲಸದ ಕುಟುಂಬವೊಂದಿತ್ತು. ರಂಜಾನ್ ತಿಂಗಳು ಅದು. ಸೆಹ್ರಿಗೆಂದು, ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆಂದು, ಅವರು ಹೇಗೂ ಏಳಲೇಬೇಕಿತ್ತು. ಮೂರೂಕಾಲಿಗೆ ಅವರ ಮನೆಯ ಗ್ಯಾಸ್ ಒಲೆಯ ನೀಲಿ ಜ್ವಾಲೆ ಇಡೀ ಮೆಟ್ಟಿಲಿಗೆ ಬೆಳಕು ಕೊಟ್ಟಿತು. ಸೆಕೆ ತಡೆಯಲಾರದೆ ಮೂರು ಮಹಡಿಗಳವರೂ ಹೊರಗೆ ಬಂದು ಕುಳಿತಿದ್ದರು. ಆ ಮನೆಯಾಕೆ ಎಲ್ಲರಿಗೂ ಚಹಾ ಮಾಡಿದರು. ನೀರನ್ನು ಅಳೆದು ಹಾಕಿದ್ದನ್ನು ನಾನು ಕಂಡೆ. ಆಕೆಯ ಚಿಕ್ಕ ಮಗಳಿಗೆ ಮೊದಲ ಮಹಡಿಯ ಹುಡುಗ ಹಳೆಯ ಮದುವೆ ಆಮಂತ್ರಣದ ರಟ್ಟಿನಿಂದ ಗಾಳಿ ಬೀಸುತ್ತಿದ್ದ. ಬೀಸಿ ಬೀಸಿ ಅವನ ಕೈ ಸೋತಾಗ ಮತ್ತೊಬ್ಬರು ತೆಗೆದುಕೊಂಡರು. ಆಮೇಲೆ ಅದು ಕೈಯಿಂದ ಕೈಗೆ ಹೋಗುತ್ತಲೇ ಇತ್ತು, ಯಾರೂ ಹೇಳಿ ಕೊಡಬೇಕಾಗಲಿಲ್ಲ. ಮಗು ಆ ಗಾಳಿಯ ಲಯದಲ್ಲಿ ನಿದ್ದೆ ಹೋಯಿತು.

ಬೀಜಿಗೆ ಮಧುಮೇಹವಿತ್ತು. ಅವರ ಇನ್ಸುಲಿನ್ ಫ್ರಿಜ್ಜಿನಲ್ಲಿತ್ತು. ಬೆಳಕು ಹರಿಯುವ ಮುಂಚೆಯೇ ಅವರು ಅಂಗೈಯಗಲದ ಒಂದು ಮಣ್ಣಿನ ಕುಡಿಕೆಯನ್ನು ನೀರಲ್ಲಿ ಅದ್ದಿ ತೆಗೆದು, ಔಷಧದ ಸೀಸೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರೊಳಗಿಟ್ಟು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಗಾಳಿಯಾಡುವ ಮೂಲೆಯಲ್ಲಿ ನೆರಳಿಗಿಟ್ಟರು. ಕುಡಿಕೆಯ ಮೈಯಿಂದ ನೀರು ಆರುತ್ತಾ ಹೋದಂತೆ ಒಳಗೆ ತಂಪಾಗುತ್ತದೆ. ಬೇಸಿಗೆಯಲ್ಲಿ ಮಡಕೆಯ ನೀರು ಕುಡಿದ ಯಾರಿಗಾದರೂ ಗೊತ್ತಿರುವ ಸಂಗತಿ. ಆದರೆ ಕುಡಿಯುವ ನೀರಿಗಾಗಿ ಗೊತ್ತಿರುವುದನ್ನು ಔಷಧಕ್ಕೆ ಹೊಂದಿಸಲು, ನಡುರಾತ್ರಿಯಲ್ಲಿ ಅದು ನೆನಪಾಗಲು, ಕುಡಿಕೆ ಎಲ್ಲಿದೆ ಎಂದು ಕತ್ತಲಲ್ಲೂ ಕೈಗೆ ತಿಳಿಯಲು ಒಂದು ಜೀವಮಾನದ ಅಭ್ಯಾಸ ಬೇಕು. ಎರಡೂ ದಿನ ಆ ಬಟ್ಟೆಗೆ ನೀರು ಚಿಮುಕಿಸುವ ಕೆಲಸವನ್ನು ಅವರು ನನಗೆ ವಹಿಸಿದ್ದರು.

ಇಷ್ಟಕ್ಕೂ ಆಗಿದ್ದೇನು ಎಂಬುದು ನನಗೆ ತಿಳಿದದ್ದು ವಿಚಾರಣಾ ಸಮಿತಿಯ ವರದಿ ಆಗಸ್ಟ್ 16ರಂದು ಬಂದ ಮೇಲೆ. ಪಶ್ಚಿಮದಿಂದ ಉತ್ತರಕ್ಕೆ ವಿದ್ಯುತ್ ಒಯ್ಯುವ ಮುಖ್ಯ ದಾರಿಗಳಲ್ಲೊಂದು ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರ್ ಮೂಲಕ ಆಗ್ರಾಕ್ಕೆ ಹೋಗುವ 400 ಕಿಲೋವೋಲ್ಟ್ ಮಾರ್ಗ. ಜೋಡಿ ಮಾರ್ಗದಲ್ಲಿ ಒಂದನ್ನು ಮೇಲ್ದರ್ಜೆಗೇರಿಸುವ ಕೆಲಸಕ್ಕಾಗಿ ನಿಲ್ಲಿಸಿದ್ದರು. ಉಳಿದೊಂದರ ಮೇಲೆ ಭಾರವೆಲ್ಲ ಬಿತ್ತು. ಊರ ತೇರನ್ನು ಎಳೆಯುವಾಗ ಒಂದು ಮಿಣಿ ಕಳಚಿದರೆ ಉಳಿದ ಮಿಣಿಗಳ ಮೇಲೆ ಎಳೆತ ಬೀಳುತ್ತದಲ್ಲ, ಹಾಗೆ. ಬೆಳಗಿನ ಜಾವ 2 ಗಂಟೆ 33 ನಿಮಿಷಕ್ಕೆ ಬೀನಾ–ಗ್ವಾಲಿಯರ್ ಮಾರ್ಗ ತಾನಾಗಿ ಕಡಿದುಕೊಂಡಿತು. ಅಲ್ಲಿ ತಂತಿ ತುಂಡಾಗಿರಲಿಲ್ಲ, ಮರ ಬಿದ್ದಿರಲಿಲ್ಲ. ಅತಿಯಾದ ಭಾರವನ್ನೇ ಮಾರ್ಗದ ರಕ್ಷಣಾ ಉಪಕರಣ ದೋಷವೆಂದು ಭಾವಿಸಿ ಸಂಪರ್ಕ ಕಡಿದಿತ್ತು. ಆ ವಿದ್ಯುತ್ತು ಪೂರ್ವದ ಸುತ್ತುದಾರಿ ಹಿಡಿಯಿತು. ಆ ದಾರಿಗಳೂ ಒಂದರ ಹಿಂದೆ ಒಂದು ಕಳಚಿದವು. ಕೆಲವು ಸೆಕೆಂಡುಗಳಲ್ಲಿ ಉತ್ತರ ಜಾಲ ಒಂಟಿಯಾಗಿ ಕುಸಿಯಿತು. ಸುಮಾರು 36,000 ಮೆಗಾವಾಟ್ ಹೊರೆ ಹೊತ್ತಿದ್ದ ಜಾಲ ಅದು. ದಿಲ್ಲಿಯ ಅಂಚಿನ ಬದರ್‌ಪುರ ಸ್ಥಾವರ ಸುತ್ತಲಿನ ಚೂರುಪಾರು ಪ್ರದೇಶಕ್ಕೆ ಬೆಳಕು ಕೊಡುತ್ತಾ ದ್ವೀಪದಂತೆ ಉಳಿದುಕೊಂಡಿತ್ತು.

ಬೆಳಿಗ್ಗೆ ನಲ್ಲಿಯಲ್ಲಿ ಬರುವ ನೀರು ನೆಲಮಟ್ಟಕ್ಕೆ ಮಾತ್ರ ಬಂತು, ಅದೂ ನೂಲಿನ ಎಳೆಯಂತೆ. ಮೋಟರ್ ಇಲ್ಲದೆ ಮೇಲಕ್ಕೆ ಏರಿಸುವಂತಿಲ್ಲ. ನೆಲಮಹಡಿಯ ಮನೆಯವರು ತಮ್ಮ ನಲ್ಲಿಯನ್ನು ಇಡೀ ಕಟ್ಟಡಕ್ಕೆ ಬಿಟ್ಟುಕೊಟ್ಟರು. ಮೆಟ್ಟಿಲಿನ ತಿರುವಿಗೊಬ್ಬರಂತೆ ನಿಂತು ಬಕೆಟ್ಟುಗಳನ್ನು ಕೈ ಬದಲಿಸಿದೆವು. ಅರ್ಧ ಬಕೆಟ್ ಮಾತ್ರ ತುಂಬಿಸಬೇಕೆಂದು ಬೀಜಿಯ ಅಪ್ಪಣೆ. ತುಂಬಿದ ಬಕೆಟ್ಟಿನಿಂದ ಚೆಲ್ಲುವ ನೀರೇ ಒಂದು ಮನೆಯ ಅಡುಗೆಗೆ ಸಾಕೆಂದು ಅವರ ವಾದ. ಗಲ್ಲಿಯ ಇಸ್ತ್ರಿಯಾತ ಎಂದಿನಂತೆ ಇದ್ದಿಲ ಪೆಟ್ಟಿಗೆಯನ್ನು ಊದಿ ಕೆಂಡ ಮಾಡಿಕೊಂಡು ಅಂಗಿಗಳನ್ನು ತೀಡುತ್ತಿದ್ದ. ಅವನ ದಿನದಲ್ಲಿ ಏನೂ ಬದಲಾಗಿರಲಿಲ್ಲ. ಮೊಬೈಲ್ ಗೋಪುರಗಳು ಡೀಸೆಲ್‌ನಿಂದ ನಡೆಯುತ್ತಿದ್ದುದರಿಂದ ಫೋನುಗಳು ಇನ್ನೂ ಜೀವಂತವಿದ್ದವು. ಅಂದೇ ಮಧ್ಯಾಹ್ನದ ನಂತರ ವಿದ್ಯುತ್ ಬಂತು. ಸಂಜೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಗಗನ್ ನಾರಂಗ್ 10 ಮೀಟರ್ ಏರ್ ರೈಫಲ್‌ನಲ್ಲಿ ಕಂಚು ಗೆದ್ದದ್ದನ್ನು ಮೂರು ಮನೆಯವರೂ ಒಂದೇ ಟಿ.ವಿ. ಮುಂದೆ ಕುಳಿತು ನೋಡಿದೆವು. ಮುಗಿಯಿತೆಂದು ನಾನು ತಿಳಿದೆ. ಬೀಜಿ ಮಾತ್ರ ಮಲಗುವ ಮುಂಚೆ ಮನೆಯಲ್ಲಿದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಸಿಟ್ಟರು.

ಮರುದಿನ ಮಧ್ಯಾಹ್ನ ಒಂದರ ಸುಮಾರಿಗೆ ಮತ್ತೆ ಹೋಯಿತು. ಈ ಸಲ ಉತ್ತರ, ಪೂರ್ವ, ಈಶಾನ್ಯ, ಮೂರೂ ಜಾಲಗಳು. 20ಕ್ಕೂ ಹೆಚ್ಚು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳು, ಸುಮಾರು 48,000 ಮೆಗಾವಾಟ್, 60 ಕೋಟಿಗೂ ಹೆಚ್ಚು ಜನ ವಾಸಿಸುವ ಭೂಭಾಗ. ಜಗತ್ತಿನ ಇತಿಹಾಸದಲ್ಲಿ ಅಷ್ಟು ಜನರ ನೆಲ ಒಟ್ಟಿಗೆ ಕತ್ತಲಾದದ್ದು ಅದೇ ಮೊದಲು.

ನಾನು ಲೋಧಿ ರಸ್ತೆಯ ಕಚೇರಿಯಲ್ಲಿದ್ದೆ. ನಾಲ್ಕರವರೆಗೆ ಕಾದು ನಡೆದು ಹೊರಟೆ. ಸಿಗ್ನಲ್ ದೀಪಗಳೆಲ್ಲ ಸತ್ತಿದ್ದವು. ದೊಡ್ಡ ವೃತ್ತವೊಂದರಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಆಟೋ ಚಾಲಕನೊಬ್ಬ ತನ್ನ ಗಾಡಿಯನ್ನು ಬದಿಗೆ ನಿಲ್ಲಿಸಿ, ರಸ್ತೆಯ ನಡುವೆ ನಿಂತು ವಾಹನಗಳನ್ನು ಬಿಡುತ್ತಿದ್ದ. ಒಂದು ಕಡೆಯವರನ್ನು ತಡೆದಾಗ ಅವರತ್ತ ಕೈ ಎತ್ತಿ, ಇನ್ನು ಐದು, ಇನ್ನು ನಾಲ್ಕು ಎಂದು ಬೆರಳು ಮಡಿಸುತ್ತಿದ್ದ. ಎಷ್ಟು ಕಾಯಬೇಕೆಂದು ಗೊತ್ತಾದ್ದರಿಂದ ಜನ ಕಾಯುತ್ತಿದ್ದರು. ದೊಡ್ಡ ಕಾರಿನವರು ಕೂಡ ಆ ಬೆರಳುಗಳಿಗೆ ಬೆಲೆ ಕೊಟ್ಟರು. ನೆರಳಿನಲ್ಲಿ ಶಿಕಂಜಿ (ನಿಂಬೆ ಪಾನಕ) ಮಾರುವವನ ಬಳಿ ಹೊತ್ತಿಗೆ ಮೊದಲೇ ಮಂಜುಗಡ್ಡೆ ಕರಗಿತ್ತು. ಕರಗಿದ ತಣ್ಣೀರನ್ನು ಅವನು ನಡೆದುಹೋಗುವವರಿಗೆ ಹಣವಿಲ್ಲದೆ ಕೊಡುತ್ತಿದ್ದ. ಮೆಟ್ರೊ ರೈಲುಗಳು ನಿಂತಿದ್ದವು, ಪ್ರಯಾಣಿಕರನ್ನು ಇಳಿಸಿ ಹೊರಗೆ ಕರೆತರಲಾಗಿತ್ತು. ದೇಶದ ಅರ್ಧದಷ್ಟು ಭಾಗದಲ್ಲಿ ನೂರಾರು ರೈಲುಗಳು ನಿಂತಲ್ಲೇ ನಿಂತಿದ್ದವು. ಪಶ್ಚಿಮ ಬಂಗಾಳದ ಕಲ್ಲಿದ್ದಲು ಗಣಿಗಳಲ್ಲಿ 200ಕ್ಕೂ ಹೆಚ್ಚು ಕಾರ್ಮಿಕರು ಮೇಲೆ ಬರುವ ಲಿಫ್ಟ್ ಇಲ್ಲದೆ ಭೂಮಿಯೊಳಗೆ ಸಿಕ್ಕಿಕೊಂಡಿದ್ದರು. ಅವರೆಲ್ಲ ಸುರಕ್ಷಿತವಾಗಿ ಹೊರಬಂದರೆಂದು ಆಮೇಲೆ ಓದಿದಾಗ ಕಣ್ಣು ಒದ್ದೆಯಾಯಿತು. ನಾವು ಸೆಕೆಯ ಬಗ್ಗೆ ಮಾತನಾಡುತ್ತಿದ್ದ ಹೊತ್ತಿನಲ್ಲಿ ಅವರು ಎಂಥ ಕತ್ತಲಲ್ಲಿ, ಏನನ್ನು ಎಣಿಸುತ್ತಾ ಕುಳಿತಿದ್ದರೋ.

ಗಲ್ಲಿಯ ಬಾಯಲ್ಲಿ ನಮ್ಮ ಕಾವಲುಗಾರ ಸಿಕ್ಕ. ಬಿಹಾರದ ದರಭಂಗಾ ಕಡೆಯವನು, ಸಂಬಳದ ಅರ್ಧವನ್ನು ಊರಿಗೆ ಕಳಿಸುವವನು. ಬಿಹಾರವೂ ಕತ್ತಲಾಗಿದೆಯಂತೆ, ಮನೆಗೆ ಫೋನ್ ಮಾಡಿದೆಯಾ ಎಂದು ಕೇಳಿದೆ. ಮಾಡಿದ್ದ. "ಅಮ್ಮನಿಗೆ ವಿಷಯವೇ ಗೊತ್ತಿರಲಿಲ್ಲ. ನಮ್ಮಲ್ಲಿಗೆ ಬಂದಿದ್ದರೆ ತಾನೇ ಹೋಗುವುದು?" ಎಂದ. ಅವನ ದನಿಯಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಹೇಳಿದ, ಅಷ್ಟೆ. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. 2011ರ ಜನಗಣತಿಯ ಪ್ರಕಾರ ಬಿಹಾರದಲ್ಲಿ ದೀಪಕ್ಕಾಗಿ ವಿದ್ಯುತ್ ಬಳಸುತ್ತಿದ್ದ ಮನೆಗಳು ಶೇಕಡಾ 16.4. ಉಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರದೂ ಸೀಮೆಎಣ್ಣೆ ಬುಡ್ಡಿ. ದೇಶದಲ್ಲಿ ಒಟ್ಟಾರೆ ಮೂರರಲ್ಲಿ ಒಂದು ಮನೆಗೆ ವಿದ್ಯುತ್ ದೀಪವಿರಲಿಲ್ಲ. ಜಗತ್ತಿನ ಪತ್ರಿಕೆಗಳು ಎಣಿಸಿದ ಆ 60 ಕೋಟಿಯಲ್ಲಿ ಅವನ ತಾಯಿಯೂ ಇದ್ದರು. ಅಂದು ಸಂಜೆ ಅವರು ಎಂದಿನ ಬುಡ್ಡಿಯನ್ನು ಎಂದಿನ ಹೊತ್ತಿಗೆ ಹಚ್ಚಿದರು.

ಭಾರತೀಯರ ತಾಳ್ಮೆಯ ಬಗ್ಗೆ ಆ ವಾರ ತುಂಬಾ ಹೊಗಳಿಕೆ ಬಂತು. ಲೂಟಿಯಾಗಲಿಲ್ಲ, ಗಲಭೆಯಾಗಲಿಲ್ಲ, ಜನ ಹೊಂದಿಕೊಂಡರು ಎಂದು. ನಿಜವೇ. ಆದರೆ ಆ ಹೊಗಳಿಕೆ ನನಗೆ ಇಂದಿಗೂ ಇರಿಯುತ್ತದೆ. ಕಾವಲುಗಾರನ ತಾಯಿಯ ಸಮಾಧಾನವನ್ನು ಗುಣವೆಂದು ಹೊಗಳಿದರೆ ಅವರ ಊರಿಗೆ ತಂತಿ ಎಳೆಯದವರ ತಪ್ಪು ಮರೆಯಾಗುತ್ತದೆ. ಬೀಜಿಯ ವಿದ್ಯೆಯ ಬಗ್ಗೆ ನನಗೆ ಅಪಾರ ಗೌರವ, ಅದಕ್ಕೆ ಅವರು ತೆತ್ತ ಬೆಲೆಯ ಬಗ್ಗೆ ಅಷ್ಟೇ ನೋವು. ಎರಡನ್ನೂ ಒಟ್ಟಿಗೆ ಹೇಳದೆ ನನಗೆ ಬರೆಯಲಾಗುವುದಿಲ್ಲ.

ಇನ್ನೊಂದು ಮಾತು. ತಮ್ಮ ಪಾಲಿಗಿಂತ ಹೆಚ್ಚು ವಿದ್ಯುತ್ ಎಳೆದುಕೊಂಡ ರಾಜ್ಯಗಳೇ ಕಾರಣ ಎಂಬ ಬೈಗುಳ ಆ ದಿನಗಳಲ್ಲಿ ಜೋರಾಗಿತ್ತು. ಹೊರೆ ಇಳಿಸಿರೆಂದು ನಿಯಂತ್ರಣ ಕೇಂದ್ರಗಳು ಕೊಟ್ಟ ಸೂಚನೆಗಳಿಗೆ ರಾಜ್ಯಗಳು ಸಾಕಷ್ಟು ಸ್ಪಂದಿಸಲಿಲ್ಲವೆಂದು ಸಮಿತಿಯೂ ಹೇಳಿತು. ಆದರೆ ಆ ವಿದ್ಯುತ್ತಿನಲ್ಲಿ ಒಂದು ದೊಡ್ಡ ಪಾಲು ಯಾವ ಮೋಟರಿಗೆ ಹೋಗುತ್ತಿತ್ತು ಎಂದು ಯೋಚಿಸಬೇಕು. ಪಂಜಾಬ್, ಹರಿಯಾಣಗಳಲ್ಲಿ ಮುಂಗಾರು ಕೈಕೊಟ್ಟಿತ್ತು. ನಾಟಿ ಮಾಡಿದ ಭತ್ತ ಗದ್ದೆಯಲ್ಲಿ ನಿಂತಿತ್ತು. ನನ್ನ ಸೋದರಮಾವ ಚನ್ನಗಿರಿ ಕಡೆ ಅಡಿಕೆ ತೋಟ ಮಾಡುತ್ತಾರೆ. ತ್ರೀ ಫೇಸ್ ಕರೆಂಟು ಯಾವ ಅಪರಾತ್ರಿಗೆ ಬಂದರೂ ಎದ್ದು, ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ಮೋಟರಿಗೆ ಹೋಗುವುದು ಅವರಿಗೆ ಮೂವತ್ತು ವರ್ಷಗಳ ರೂಢಿ. ಬೆಳಗಿನ ಜಾವ ಎರಡೂವರೆಗೆ ಇಷ್ಟೊಂದು ಹೊರೆ ಏಕೆ ಎಂದು ನನ್ನ ಕಚೇರಿಯ ಗೆಳೆಯರು ಆಶ್ಚರ್ಯಪಟ್ಟಾಗ ನನಗೆ ಆಶ್ಚರ್ಯವಾಗಲಿಲ್ಲ. ಆ ಹೊತ್ತಿನಲ್ಲಿ ಉತ್ತರದ ಎಷ್ಟೋ ಮಂದಿ ಸೋದರಮಾವಂದಿರು ಗದ್ದೆಯ ಬದುವಿನ ಮೇಲೆ ನಿಂತಿದ್ದಿರಬೇಕು.

ಅಂದು ಸಂಜೆ ಊರಿಗೂ ಫೋನ್ ಮಾಡಿದೆ. ತೀರ್ಥಹಳ್ಳಿಯಿಂದ ಒಳಗೆ ಹದಿನೆಂಟು ಕಿಲೋಮೀಟರ್ ನಮ್ಮ ಊರು. "ಇಲ್ಲೂ ಮೂರು ದಿನದಿಂದ ಇಲ್ಲ ಮಾರಾಯ, ಹೊಳೆದಂಡೆಯ ಹತ್ತಿರ ಧೂಪದ ಮರ ತಂತಿಯ ಮೇಲೆ ಬಿದ್ದಿದೆ" ಎಂದರು ಅಮ್ಮ. ಅವರ ಕತ್ತಲಿಗೂ ನಮ್ಮದಕ್ಕೂ ಸಂಬಂಧವೇ ಇರಲಿಲ್ಲ. ಆಗ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಸಾವಿರ ಕಿಲೋಮೀಟರಿಗೂ ದೂರದಿಂದ ಬರುವ ಏಕಮುಖ (ಡಿ.ಸಿ.) ವಿದ್ಯುತ್ತಿನ ಮಾರ್ಗದಂಥ ಕೆಲವು ಕೊಂಡಿಗಳಿದ್ದವು, ಅಷ್ಟೆ. ಅಂಥ ಕೊಂಡಿಯಲ್ಲಿ ವಿದ್ಯುತ್ ಹರಿಯುತ್ತದೆ, ಒಂದು ಕಡೆಯ ಏರುಪೇರು ಇನ್ನೊಂದು ಕಡೆಗೆ ದಾಟುವುದಿಲ್ಲ. ಹಾಗಾಗಿ ಬೆಂಗಳೂರು ಬೆಳಗುತ್ತಲೇ ಇತ್ತು. ಅದೇ ದಿನ ಸಂಪುಟದಲ್ಲಿ ಬದಲಾವಣೆಯಾಗಿ, ಇಂಧನ ಸಚಿವರಾಗಿದ್ದ ಸುಶೀಲ್‌ಕುಮಾರ್ ಶಿಂದೆ ಗೃಹ ಖಾತೆಗೆ ಹೋದರು, ಇಂಧನದ ಹೊಣೆ ನಮ್ಮ ವೀರಪ್ಪ ಮೊಯಿಲಿಯವರ ಹೆಗಲಿಗೆ ಬಂತು. ಆಮೇಲೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲನೆಯಾಗಿ, ದಕ್ಷಿಣವೂ ಅದೇ ತೇರಿನ ಮಿಣಿ ಹಿಡಿಯಿತು. ಈಗ ನಾವೆಲ್ಲ ಸೆಕೆಂಡಿಗೆ 50 ಆವರ್ತನದ ಒಂದೇ ತಾಳದವರು.

ಅಮ್ಮನ ಮಾತಿನಲ್ಲೂ ಅಂದು ಲೆಕ್ಕವೇ ಇತ್ತು. ಲಾಟೀನಿಗೆ ಎಣ್ಣೆ ಇದೆ, ಗಾಜನ್ನು ಬೂದಿ ಹಾಕಿ ತಿಕ್ಕಿಟ್ಟಿದ್ದೇನೆ, ಅಪ್ಪ ಬಚ್ಚಲ ಒಲೆಗೆ ಸೌದೆ ಒಳಗೆ ಹಾಕಿದ್ದಾರೆ, ಲೈನ್‌ಮ್ಯಾನ್ ನಿನ್ನೆ ಬಂದಿದ್ದವನು ಮಳೆಯಲ್ಲಿ ನೆನೆದು ಹೋಗಿದ್ದ, ಊಟ ಹಾಕಿ ಕಳಿಸಿದೆವು. ಇದನ್ನೆಲ್ಲ ಚಿಕ್ಕಂದಿನಿಂದ ಕೇಳಿದ್ದೇನೆ. ಶರಾವತಿಯ ನೀರು ತಿರುಗಿಸಿದ ಯಂತ್ರಗಳಿಂದ ದೂರದ ಊರುಗಳು ಬೆಳಗುತ್ತಿದ್ದಾಗ, ಆ ನೀರಿಗೆ ಮನೆ ಬಿಟ್ಟುಕೊಟ್ಟು ಎದ್ದುಹೋದ ಎಷ್ಟೋ ಕುಟುಂಬಗಳು ಬುಡ್ಡಿಯ ಬೆಳಕಿನಲ್ಲೇ ಬಾಳಿದವು. ಮುಸ್ಸಂಜೆ ದೀಪ ಹಚ್ಚಿದಾಗ ಕೈ ಮುಗಿಯುವ ನಮ್ಮ ಕಡೆಯ ರೂಢಿಯ ಹಿಂದೆ ಇಂಥ ದಿನಗಳ ನೆನಪೂ ಇದೆ ಎಂದು ನಾನು ನಂಬಿದ್ದೇನೆ. ಇಷ್ಟೆಲ್ಲ ಕೇಳಿ ಬೆಳೆದವನಿಗೂ ದಿಲ್ಲಿಯ ತಾರಸಿಯ ಮೇಲೆ ಅದು ನೆನಪಾಗಲಿಲ್ಲವೆಂಬುದು ನನ್ನನ್ನು ಬಹಳ ದಿನ ಕಾಡಿತು. ಊರು ಬಿಟ್ಟ ಹತ್ತು ವರ್ಷಗಳಲ್ಲಿ ಗುಂಡಿ ಒತ್ತಿದರೆ ಎಲ್ಲ ಬರುತ್ತದೆ ಎಂಬ ನಂಬಿಕೆ ಕೈಯ ವಿದ್ಯೆಯನ್ನು ತೊಳೆದುಹಾಕಿತ್ತು.

ಲೆಕ್ಕದಿಂದ ಎಲ್ಲವೂ ನಿಭಾಯಿಸಲ್ಪಡುತ್ತದೆ ಎಂದು ಮಾತ್ರ ನನ್ನ ಅಕ್ಕನ ಮಗಳು ತಿಳಿಯಬಾರದು. ಎರಡನೆಯ ದಿನ ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ಉಬ್ಬಸ ಏರಿತು. ಅವರ ನೆಬ್ಯುಲೈಸರ್ ವಿದ್ಯುತ್ತಿನದು. ಉಸಿರು ಸಿಗದೆ ಅವರ ತುಟಿ ನೀಲಿಯಾಗುತ್ತಿತ್ತು. ಅಲ್ಲಿ ಯಾವ ಕುಡಿಕೆಯೂ ಯಾವ ಬೀಸಣಿಗೆಯೂ ಕೆಲಸಕ್ಕೆ ಬರುವಂತಿರಲಿಲ್ಲ. ಕಸೂತಿಯವರ ದೊಡ್ಡ ಮಗ ರೋಜಾದಲ್ಲಿದ್ದವನು, ಬೆಳಗಿನಿಂದ ಹನಿ ನೀರು ಕುಡಿಯದವನು, ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡ. ಹಿಂದಿನಿಂದ ಮತ್ತೊಬ್ಬ ಅವರನ್ನು ತಬ್ಬಿ ಹಿಡಿದು ಕುಳಿತ. ಜನರೇಟರ್ ಇರುವ ಆಸ್ಪತ್ರೆ ಹುಡುಕಿಕೊಂಡು ಹೋದರು. ಮೊದಲು ಹೋದ ಕಡೆ ಡೀಸೆಲ್ ಮುಗಿಯುತ್ತಿದೆಯೆಂದು ಒಳಗೆ ಸೇರಿಸಲಿಲ್ಲ. ಎರಡನೆಯ ಕಡೆ ಸೇರಿಸಿದರು. ಮೇಷ್ಟ್ರು ಉಳಿದರು. ಅವರು ಹೋಗಿ ಬರುವವರೆಗಿನ ಆ ಎರಡು ಗಂಟೆ ಗಲ್ಲಿಯಲ್ಲಿ ಯಾರ ಮುಖದಲ್ಲೂ ಸಮಾಧಾನವಿರಲಿಲ್ಲ, ಬೀಜಿಯ ಮುಖದಲ್ಲೂ ಇರಲಿಲ್ಲ. ಅವರು ಜಪದ ಮಣಿಗಳನ್ನು ಹಿಡಿದು ಹೊಸ್ತಿಲಲ್ಲಿ ಕುಳಿತಿದ್ದರು.

ಇಫ್ತಾರ್ ಮುಗಿದು, ಕಸೂತಿಯವರ ಮನೆಯಿಂದ ಬಂದ ಖರ್ಜೂರ ಪಕೋಡಗಳ ತಟ್ಟೆಗಳನ್ನು ಎತ್ತುವ ಹೊತ್ತಿಗೆ ದೀಪ ಬಂತು. ಒಮ್ಮೆ ಬಂದು, ಹೋಗಿ, ಮತ್ತೆ ಬಂತು. "ಆ ಗಯೀ!" ಎಂದು ಇಡೀ ಗಲ್ಲಿ ಒಂದೇ ಕೊರಳಿನಿಂದ ಕೂಗಿತು. ನಮ್ಮೂರಿನ ಮಕ್ಕಳು "ಹೋ" ಎಂದು ಕೂಗುವ ಕೂಗೇ ಅದು. ಸುತ್ತಲಿನ ಮನೆಗಳಲ್ಲಿ ನೀರಿನ ಮೋಟರ್‌ಗಳು ಒಂದೊಂದಾಗಿ ಗುರುಗುಟ್ಟಿದವು. ಮೊದಲ ಮಹಡಿಯ ಹುಡುಗ ನಮ್ಮ ಮೋಟರಿನ ಗುಂಡಿಯತ್ತ ಓಡಿದ. ಬೀಜಿ ಅವನ ಕೈ ಹಿಡಿದರು.

"ತಡಿ. ಎಲ್ಲರೂ ಒಟ್ಟಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ಕೂಲರ್ ಬೇಡ, ಮೋಟರ್ ಬೇಡ. ಮನೆಗೊಂದು ಫ್ಯಾನು ಸಾಕು."

ನಿಯಂತ್ರಣ ಕೇಂದ್ರಗಳಲ್ಲಿ ಆ ಎರಡೂ ದಿನ ನಿದ್ದೆಯಿಲ್ಲದೆ ಕುಳಿತಿದ್ದ ಎಂಜಿನಿಯರ್‌ಗಳೂ ಇದನ್ನೇ ಮಾಡುತ್ತಿದ್ದರೆಂದು ನನಗೆ ತಿಳಿದದ್ದು ತಡವಾಗಿ. ಸತ್ತ ಜಾಲವನ್ನು ಒಮ್ಮೆಲೇ ಎಬ್ಬಿಸಲು ಬರುವುದಿಲ್ಲ. ಮೊದಲು ಜಲವಿದ್ಯುತ್ ಸ್ಥಾವರಗಳು, ಕುಸಿಯದೆ ಉಳಿದ ನೆರೆಯ ಜಾಲದ ನೆರವು, ಭೂತಾನದಿಂದ ಬಂದ ವಿದ್ಯುತ್ತು. ಆಮೇಲೆ ಉಷ್ಣಸ್ಥಾವರಗಳನ್ನು ಬಿಸಿ ಮಾಡಲು ಬೇಕಾದಷ್ಟು, ರೈಲಿಗೆ, ಮೆಟ್ರೊಗೆ, ಆಸ್ಪತ್ರೆಗೆ. ಒಂದು ಚೂರು ಹೊರೆ ಹಾಕಿ, ಆವರ್ತನ ಸ್ಥಿರವಾಯಿತೇ ಎಂದು ಮಾಪಕ ನೋಡಿ, ಇನ್ನೊಂದು ಚೂರು. ಆತುರಪಟ್ಟರೆ ಕಟ್ಟಿದ್ದೆಲ್ಲ ಮತ್ತೆ ಕುಸಿಯುತ್ತದೆ.

ನಾವು ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಕುಳಿತೆವು. ಮೇಷ್ಟ್ರ ಹೆಂಡತಿಯೂ ಬಂದು ಕುಳಿತರು. ಸುತ್ತಲಿನ ಮೋಟರ್‌ಗಳು ಒಂದೊಂದಾಗಿ ನಿಂತ ಮೇಲೆ ಬೀಜಿ ಹುಡುಗನಿಗೆ "ಈಗ ಹಾಕು" ಎಂದರು. ತಾರಸಿಯ ಟ್ಯಾಂಕಿಯ ತಳಕ್ಕೆ ನೀರು ಬೀಳುವ ಸದ್ದು ಕೆಳಗಿನವರೆಗೂ ಕೇಳಿಸಿತು. ಅವರು ಎದ್ದು ಒಳಗೆ ಹೋಗಿ, ಫ್ರಿಜ್ಜಿನ ಬಾಗಿಲು ತೆರೆದು ಒಳಗೋಡೆಗೆ ಕೈಯ ಹಿಂಬದಿ ಒತ್ತಿ ನೋಡಿದರು. ಇನ್ನೂ ತಣ್ಣಗಾಗಿರಲಿಲ್ಲವೋ ಏನೋ, ಬಾಗಿಲು ಮುಚ್ಚಿ ನನ್ನತ್ತ ತಿರುಗಿದರು.

"ಕುಡಿಕೆಯ ಬಟ್ಟೆ ಆರಿರಬೇಕು, ಇನ್ನೊಂದು ಸಲ ನೀರು ಚಿಮುಕಿಸು."